ರೊಟ್ಟಿಗಾಗಿಯೋ, ಗುರುವಿಗಾಗಿಯೋ?

ಆಲ್ದೂರಿನ ಸುತ್ತಲಿನ ತೋಟಗಳಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನ ಕಳೆಯಿತೆಂದರೆ ಕಾಫಿಗಿಡಗಳು ಬೆಳ್ಳಗೆ ಹೂತು ಬೆಟ್ಟವೆಲ್ಲ ಕಂಪಿನಿಂದ ತುಂಬುತ್ತದೆ. ಹೆಚ್ಚುಕಡಿಮೆ ಆ ದಿನಗಳಲ್ಲಿಯೇ ಕ್ರೈಸ್ತರ ತಪಸ್ಸು ಕಾಲವೂ ಬರುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಈ ನಲವತ್ತು ದಿನಗಳು ಆತ್ಮಶೋಧನೆಗೆ ಮೀಸಲು. ಆಗ ಕ್ರೈಸ್ತನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಒಂದು ಬಹು ಕಠಿಣವಾದುದು: ತಾನು ಕ್ರಿಸ್ತನನ್ನು ಹಿಂಬಾಲಿಸುತ್ತಿರುವುದು ಏತಕ್ಕಾಗಿ?

ಮಲೆನಾಡಿನ ಅನೇಕ ಕ್ರೈಸ್ತ ಕುಟುಂಬಗಳ ಹಿರಿಯರು ಘಟ್ಟದ ಕೆಳಗಿನಿಂದಲೋ ತಮಿಳುನಾಡಿನಿಂದಲೋ ಕಾಫಿ ತೋಟಗಳ ಕೆಲಸಕ್ಕೆಂದು ಬಂದವರು. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಕೆಥೋಲಿಕ್ ಧರ್ಮಪ್ರಾಂತವಾಯಿತು. ಆ ಹಿರಿಯರ ಮೊಮ್ಮಕ್ಕಳನ್ನು ಕೇಳಿದರೆ ‘ಹುಟ್ಟಿನಿಂದ ಬಂದದ್ದು’ ಎಂಬ ಉತ್ತರ ಸಹಜವಾಗಿ ಬರುತ್ತದೆ. ಹೆಸರು, ಮದುವೆಯ ಸಂಬಂಧ, ಕಷ್ಟಕಾಲಕ್ಕೆ ನೆರವಾಗುವ ಬಳಗ, ಕೊನೆಗೆ ಮಣ್ಣಾಗುವ ಜಾಗ, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಆದರೆ ಇವು ನಂಬಿಕೆಯ ಕಾರಣಗಳೋ, ಅನುಕೂಲದ ಕಾರಣಗಳೋ?

ಈ ಪ್ರಶ್ನೆಯನ್ನು ಕನ್ನಡನಾಡಿನಲ್ಲಿ ನಿರ್ದಾಕ್ಷಿಣ್ಯವಾಗಿ ಎತ್ತಿದವರು ಒಬ್ಬ ಪಾದ್ರಿಯೇ. ಫ್ರಾನ್ಸಿನಿಂದ ಬಂದ ಅಬ್ಬೆ ದುಬಾಯ್, ಟಿಪ್ಪುವಿನ ಪತನದ ತರುವಾಯ, 1799ರಿಂದ ಮೈಸೂರು ಸೀಮೆಯಲ್ಲಿ ನೆಲೆಸಿದರು. ಈ ದೇಶದ ಉಡುಪನ್ನೇ ಉಟ್ಟರು. ಜನರಿಗೆ ಸಿಡುಬಿನ ದೇವಿ ಹಾಕಿಸಲು ಶ್ರಮಿಸಿದರು. ಹಾಸನದ ಬಳಿ ಕ್ರೈಸ್ತ ಬೇಸಾಯಗಾರರಿಗೆ ಒಂದು ನೆಲೆಯನ್ನೂ ಕಲ್ಪಿಸಿದರು. ಅಂಥವರು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಬರೆದುದನ್ನು ಓದಿದರೆ ಇಂದಿಗೂ ಬೆರಗಾಗುತ್ತದೆ. ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದ್ದು ಕೇವಲ 200–300 ಮಂದಿಯನ್ನು. ಅವರಲ್ಲಿ ಯಾವ ಸ್ವಾರ್ಥವೂ ಇಲ್ಲದೆ ಮನವರಿಕೆಯಿಂದಲೇ ಬಂದವನು ಒಬ್ಬನೂ ತಮಗೆ ನೆನಪಾಗುವುದಿಲ್ಲವೆಂದು ಅವರು ನಾಚಿಕೆಯಿಂದ ಒಪ್ಪಿಕೊಂಡರು. ಹೊಟ್ಟೆಪಾಡು, ಮದುವೆಯ ಸಂಬಂಧ, ಜಾತಿಯಿಂದ ಹೊರಬಿದ್ದವನಿಗೆ ಬೇಕಾದ ಆಸರೆ, ಅವರಿಗೆ ಕಂಡ ಕಾರಣಗಳು ಇಂಥವು.

ದುಬಾಯ್‌ರ ಪ್ರಾಮಾಣಿಕತೆ ದೊಡ್ಡದು. ಆದರೂ ಅವರು ತೂಗಿದ್ದು ಅನ್ಯರ ಮನಸ್ಸನ್ನು. ಹಸಿದು ಬಂದವನ ಹಸಿವು ಎಲ್ಲರಿಗೂ ಕಾಣುತ್ತದೆ. ಹೊಟ್ಟೆ ತುಂಬಿದವನ ಆಸೆಗಳು ಕಾಣುವುದಿಲ್ಲ, ಅಷ್ಟೆ. ಬೈಬಲ್ ಈ ವಿಷಯದಲ್ಲಿ ಮುಚ್ಚುಮರೆ ಮಾಡಿಲ್ಲ. ಐದು ಸಾವಿರ ಮಂದಿ ರೊಟ್ಟಿ ತಿಂದು ತೃಪ್ತರಾದ ಮರುದಿನ, ಕೆರೆ ದಾಟಿ ಹುಡುಕಿಕೊಂಡು ಬಂದವರಿಗೆ ಯೇಸು, ಅವರು ಬಂದದ್ದು ರೊಟ್ಟಿಗಾಗಿ ಎಂದು ಮುಖಕ್ಕೇ ಹೇಳಿದರು. ಆದರೆ ಅವರನ್ನು ಅಟ್ಟಲಿಲ್ಲ, ಕೂರಿಸಿಕೊಂಡು ಮಾತನಾಡಿದರು. ಎಲ್ಲವನ್ನೂ ಬಿಟ್ಟುಬಂದ ಪೇತ್ರನು ಸಹ ತಮಗೆ ಏನು ದೊರೆಯುವುದೆಂದು ಕೇಳಿದವನೇ. ಬೆರಕೆ ಮನಸ್ಸಿನಿಂದ ಬಾಗಿಲಿಗೆ ಬರುವುದು ದೋಷವಲ್ಲ. ಆ ಬೆರಕೆಯನ್ನು ಎಂದೂ ನೋಡಿಕೊಳ್ಳದಿರುವುದು ದೋಷ.

ಲಾಭವಿದ್ದರೆ ಸುಳ್ಳು, ನಷ್ಟವಿದ್ದರೆ ನಿಜ ಎಂಬ ತಕ್ಕಡಿಯೂ ಸಾಲದು. ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಕೈಹಿಡಿದ ಹೆಂಡತಿ ಅವರೊಡನೆ ಬರಲಿಲ್ಲ. ಮುಂದೆ ಅವರು ಸ್ವಂತ ಹಣದಿಂದ ಕೊಡಗಿನ ಆನಂದಪುರದಲ್ಲಿ ಕಾಫಿ ತೋಟ ಮಾಡಿ, ಕ್ರೈಸ್ತರಾದ ದಲಿತ ಕುಟುಂಬಗಳಿಗೆ ಆಸರೆ ಕಲ್ಪಿಸಿದರು. ಒಬ್ಬರು ಮನೆಯನ್ನು ಕಳೆದುಕೊಂಡು ಬಂದರು. ಇನ್ನೊಬ್ಬರು ಮನೆಯನ್ನು ಪಡೆಯಲು ಬಂದರು. ಮೊದಲನೆಯವರದೇ ನಂಬಿಕೆ, ಎರಡನೆಯವರದು ಬರಿಯ ಆಸೆ ಎಂದು ತೀರ್ಪು ಕೊಡಲು ಯಾರಿಗೆ ಅಧಿಕಾರವುಂಟು? ತ್ಯಾಗದ ಬೆನ್ನಿಗೂ ಹೆಮ್ಮೆ ಅಂಟಿಕೊಳ್ಳಬಹುದು. ಒಂದು ತುಂಡು ನೆಲ ಸಿಕ್ಕಿದವನು ಜೀವನದಲ್ಲಿ ಮೊದಲ ಬಾರಿಗೆ ತಲೆಯೆತ್ತಿ ಪ್ರಾರ್ಥಿಸಿರಲೂಬಹುದು.

ಕಾಲ ಈ ಲೆಕ್ಕವನ್ನು ತಿರುವುಮುರುವು ಮಾಡಿದೆ. 1950ರ ರಾಷ್ಟ್ರಪತಿಯವರ ಆದೇಶದಂತೆ, ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸೌಲಭ್ಯ ದೊರೆಯುವುದಿಲ್ಲ. ಮಕ್ಕಳ ಓದಿನ ಮುಂದೆ ಈ ನಷ್ಟ ಸಣ್ಣದಲ್ಲ. ಮನೆಯಲ್ಲಿ ಒಂದು, ದಾಖಲೆಯಲ್ಲಿ ಇನ್ನೊಂದು ಎಂದು ತೊಳಲುವ ತಂದೆಯ ಸಂಕಟವನ್ನು, ನಂಬಿಕೆಗಾಗಿ ಒಂದು ಕಾಸನ್ನೂ ಕಳೆದುಕೊಳ್ಳದವರು ಹಗುರವಾಗಿ ಆಡಿಕೊಳ್ಳಬಾರದು.

ಹಾಗಾದರೆ ಹುಟ್ಟು ಕ್ರೈಸ್ತನಿಗೆ ಪರೀಕ್ಷೆ ಯಾವುದು? ತೋಟದ ರೈಟರನೊಬ್ಬನಿದ್ದಾನೆಂದು ಭಾವಿಸಬಹುದು. ಭಾನುವಾರ ಅವನು ಪೂಜೆಗೆ ತಪ್ಪುವುದಿಲ್ಲ. ಸೋಮವಾರ ಚೆಕ್‌ರೋಲ್ ಬರೆಯುವಾಗ, ಜ್ವರದಲ್ಲೂ ದಿನವಿಡೀ ದುಡಿದ ಹೆಣ್ಣಾಳಿಗೆ ಅರ್ಧ ದಿನವೆಂದು ಗುರುತಿಸಿದರೆ ಕೇಳುವವರಿಲ್ಲ. ಪೂರ್ತಿ ದಿನವೆಂದು ಬರೆದರೆ ಹೊಗಳುವವರೂ ಇಲ್ಲ. ನೋಡುವ ನೆರೆಯವರಿಲ್ಲ, ಮಗಳ ಮದುವೆಗೆ ಅದರಿಂದ ಒದಗುವ ಹೆಸರಿಲ್ಲ, ಹರಕೆಗೆ ಪ್ರತಿಫಲವಿಲ್ಲ. ಆ ಗಳಿಗೆಯಲ್ಲಿ ಅವನ ಲೇಖನಿಯನ್ನು ಹಿಡಿದು ನಡೆಸುವುದು ಯಾವುದೋ, ಅವನ ಧರ್ಮ ಅದೇ.

ಕಾಫಿ ಬೆಳೆಗಾರನು ಹೂ ಕಂಡೊಡನೆ ಬೆಳೆ ಬಂತೆಂದು ಹಿಗ್ಗುವುದಿಲ್ಲ. ಹೂವಾದ ಮೇಲೆ, ಎರಡು ಮೂರು ವಾರಗಳೊಳಗೆ, ‘ಬ್ಯಾಕಿಂಗ್’ ಮಳೆ ಬೀಳಬೇಕು. ಇಲ್ಲವಾದರೆ ಕಾಯಿ ಸರಿಯಾಗಿ ಕಚ್ಚದು. ನಂಬಿಕೆಯ ಮೊದಲ ಹೂಮಳೆ ಹಸಿವಾಗಿರಬಹುದು, ಭಯವಾಗಿರಬಹುದು, ಹುಟ್ಟೇ ಆಗಿರಬಹುದು. ಅದಕ್ಕಾಗಿ ಯಾರೂ ನಾಚಬೇಕಾಗಿಲ್ಲ. ಎರಡನೆಯ ಮಳೆ ಬಿತ್ತೇ ಎಂಬುದನ್ನು ಮಾತ್ರ ಪ್ರತಿಯೊಬ್ಬನೂ ತನ್ನ ತೋಟದಲ್ಲಿಯೇ ನೋಡಿಕೊಳ್ಳಬೇಕು. ಪಕ್ಕದ ತೋಟದ ಬೇಲಿ ಹಾರಿ ಅಲ್ಲ.