ಗೃಹಾರೋಗ್ಯ: ರೆಪ್ಪೆಯ ಅಂದವೂ ಕಣ್ಣಿನ ತೇವವೂ

ಮಹಾಭಾರತದ ನಳೋಪಾಖ್ಯಾನವನ್ನು ಬಲ್ಲವರಿಗೆ ದಮಯಂತಿಯ ಸ್ವಯಂವರದ ಪ್ರಸಂಗವು ನೆನಪಿರುವುದು. ನಾಲ್ವರು ದೇವತೆಗಳು ನಳನ ರೂಪವನ್ನೇ ತಾಳಿ ಸಾಲಾಗಿ ನಿಂತಿದ್ದಾಗ, ಆಕೆಯು ನಿಜವಾದ ನಳನನ್ನು ಗುರುತಿಸಿದ ಲಕ್ಷಣಗಳಲ್ಲಿ ಅವನು ಎವೆಯಿಕ್ಕುತ್ತಿದ್ದನೆಂಬುದೂ ಒಂದು. ದೇವತೆಗಳು ಅನಿಮಿಷರು, ಅವರಿಗೆ ರೆಪ್ಪೆ ಬಡಿಯುವ ಅಗತ್ಯವಿಲ್ಲ. ಮನುಷ್ಯನಾದರೋ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯತಕ್ಕವನು. ನಿಮಿಷವೆಂಬ ಪದಕ್ಕೂ ರೆಪ್ಪೆ ಬಡಿಯುವಷ್ಟು ಕಾಲವೆಂಬುದೇ ಮೂಲಾರ್ಥ. ಈ ಅಲ್ಪ ಕಾರ್ಯವು ನಿಂತಲ್ಲಿ ಮಾನವನೇತ್ರವು ಬಹುಕಾಲ ಸ್ವಸ್ಥವಾಗಿ ಉಳಿಯಲಾರದು.

ಈ ತಿಂಗಳು ಈ ವಿಷಯವನ್ನೆತ್ತಿಕೊಳ್ಳುವುದಕ್ಕೆ ಕಾರಣವುಂಟು. ವಾಚಕ ಗೃಹಿಣಿಯೊಬ್ಬರು ನಮಗೆ ಹೀಗೆ ಕೇಳಿರುವರು: ತಮಗೆ ಐವತ್ತನಾಲ್ಕು ವಯಸ್ಸು, ಮೇಲ್ರೆಪ್ಪೆಯ ಚರ್ಮವು ಜೋಲುಬಿದ್ದು, ನಿದ್ದೆಗೆಟ್ಟವರಂತೆ ಕಾಣುವೆವೆಂದು ಕಂಡವರೆಲ್ಲ ಹೇಳುವರು, ಮುಂಬರುವ ಮಗಳ ಮದುವೆಯೊಳಗೆ ಅದನ್ನು ಶಸ್ತ್ರದಿಂದ ಸರಿಪಡಿಸಿಕೊಳ್ಳಬೇಕೆಂದು ಆಸೆ, ಆದರೆ ಮೂರು ವರ್ಷಗಳಿಂದ ಕಣ್ಣು ಉರಿಯುತ್ತ, ಮರಳು ಬಿದ್ದಂತೆ ಚುಚ್ಚುತ್ತ ಇದೆ, ಮಾಡಿಸಬಹುದೇ? ಈ ವಯಸ್ಸಿನಲ್ಲಿ ಅಲಂಕಾರವೇತಕ್ಕೆಂದು ನಗುವವರ ಗುಂಪಿಗೆ ನಾವು ಸೇರಿದವರಲ್ಲ. ಪ್ರಸನ್ನವಾಗಿ ಕಾಣಬೇಕೆಂಬ ಇಚ್ಛೆಯು ದೋಷವಲ್ಲ. ಆದರೆ ಅಂದಕ್ಕಾಗಿ ಮುಟ್ಟುವ ಅಂಗವು ಮಾಡುವ ಕೆಲಸವೇನೆಂಬುದನ್ನು ಮೊದಲು ಅರಿತುಕೊಳ್ಳಬೇಕು.

ಕಣ್ಣೀರೆಂದರೆ ಬರಿಯ ನೀರಲ್ಲ. ಕಣ್ಣಿನ ಮೇಲೆ ಸದಾ ಹರಡಿರುವ ತೆಳುವಾದ ಪೊರೆಯಲ್ಲಿ ಮೂರು ಅಂಶಗಳುಂಟು. ಒಳಗಡೆ ಲೋಳೆಯು ನೀರನ್ನು ಕಣ್ಣಿಗೆ ಅಂಟಿಸಿ ಹಿಡಿಯುವುದು; ನಡುವೆ ಅಶ್ರುಗ್ರಂಥಿಗಳಿಂದ ಬಂದ ನೀರಿರುವುದು; ಮೇಲುಗಡೆ ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಸ್ರವಿಸಿದ ಜಿಡ್ಡು, ಆ ನೀರು ಆರಿಹೋಗದಂತೆ ಮುಚ್ಚಿ ಕಾಪಾಡುವುದು. ಈ ಮೂರನ್ನೂ ಸಮನಾಗಿ ಬಳಿಯುವ ಕೈಯೇ ರೆಪ್ಪೆ. ಇವುಗಳಲ್ಲಿ ಯಾವುದೊಂದು ಕೊರತೆಯಾದರೂ ಒಣಗಣ್ಣು ತಲೆದೋರುವುದು. ಕೆಲವರಿಗೆ ಕಣ್ಣು ಒಣಗಿದಷ್ಟೂ ನೀರು ಸುರಿಯುವುದುಂಟು; ಉರಿಯನ್ನು ತಾಳಲಾರದೆ ಗ್ರಂಥಿಯು ಒಮ್ಮೆಗೇ ಸುರಿಸುವ ಆ ನೀರು ನಿಲ್ಲದೆ ಜಾರಿಹೋಗುವುದು. ಆದುದರಿಂದ ಕಣ್ಣಲ್ಲಿ ನೀರು ಬರುವವರು ತಮಗೆ ಒಣಗಣ್ಣಿಲ್ಲವೆಂದು ಭಾವಿಸಕೂಡದು.

ನಮ್ಮ ಪ್ರಾಚೀನರು ಇದನ್ನು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಎಣಿಸಿದ 76 ನೇತ್ರರೋಗಗಳಲ್ಲಿ ಶುಷ್ಕಾಕ್ಷಿಪಾಕವೆಂಬುದೊಂದುಂಟು. ರೆಪ್ಪೆ ಗಡುಸಾಗಿ ಒರಟಾಗುವುದು, ನೋಟ ಮಸಕಾಗುವುದು, ಕಣ್ಣು ತೆರೆಯುವುದೇ ಕಷ್ಟವಾಗುವುದು ಎಂಬಿವು ಅದರ ಲಕ್ಷಣಗಳು. ಕೂದಲು ಒಳಮುಖವಾಗಿ ಕಣ್ಣನ್ನು ಚುಚ್ಚುವ ಪಕ್ಷ್ಮಕೋಪದಲ್ಲಿ ರೆಪ್ಪೆಯ ಚರ್ಮವನ್ನು ಯವಧಾನ್ಯದ ಆಕಾರದಲ್ಲಿ ಕತ್ತರಿಸಿ ಹೊಲಿಯುವ ಕ್ರಮವೂ ಆ ಗ್ರಂಥದಲ್ಲಿದೆ. ಆದರೆ ಅದು ರೋಗನಿವಾರಣೆಗಾಗಿ. ಇಂದು ಬ್ಲೆಫರೋಪ್ಲಾಸ್ಟಿ ಎನ್ನುವ ಹೆಸರನ್ನು 1818ರಲ್ಲಿ ಬಳಕೆಗೆ ತಂದ ಜರ್ಮನಿಯ ಶಸ್ತ್ರವೈದ್ಯ ಕಾರ್ಲ್ ಫರ್ಡಿನೆಂಡ್ ಫಾನ್ ಗ್ರೇಫೆಯೂ ವ್ರಣದಿಂದ ಕೆಟ್ಟ ರೆಪ್ಪೆಯನ್ನು ಮರಳಿ ಕಟ್ಟುವುದನ್ನೇ ಉದ್ದೇಶಿಸಿದ್ದನು. ಕೇವಲ ಅಂದಕ್ಕಾಗಿ ರೆಪ್ಪೆಯನ್ನು ಕೊಯ್ಯುವ ರೂಢಿ ಅನಂತರ ಬೆಳೆದುಬಂದುದು.

ಈ ಶಸ್ತ್ರದಲ್ಲಿ ಮೇಲ್ರೆಪ್ಪೆಯ ಹೆಚ್ಚಿನ ಚರ್ಮವನ್ನೂ, ಕೆಲವೊಮ್ಮೆ ಅದರಡಿಯ ಸ್ನಾಯುವಿನ ಅಂಶವನ್ನೂ ಕೊಬ್ಬನ್ನೂ ತೆಗೆಯುವರು. ಒಣಗಣ್ಣಿನವರಿಗೆ ಇದರಿಂದ ಮೂರು ಬಗೆಯ ತೊಂದರೆಯುಂಟಾಗಬಹುದು. ರೆಪ್ಪೆಗಳ ನಡುವಣ ತೆರವು ಹಿಗ್ಗಿದಷ್ಟೂ ಗಾಳಿಗೆ ತಾಗುವ ಮೈ ಹೆಚ್ಚಿ, ತೇವವು ಬೇಗ ಆರುವುದು. ರೆಪ್ಪೆ ಮುಚ್ಚುವ ಸ್ನಾಯುವು ದುರ್ಬಲವಾದರೆ ಬಡಿತವು ಅರೆಬರೆಯಾಗಿ ಪೊರೆ ಸರಿಯಾಗಿ ಹರಡದು. ಚರ್ಮವು ಅತಿಯಾಗಿ ಹೋದರಂತೂ ನಿದ್ರೆಯಲ್ಲಿಯೂ ಕಣ್ಣು ಪೂರ್ತಿ ಮುಚ್ಚದು. ಈ ದೋಷಕ್ಕೆ ವೈದ್ಯರು ಲ್ಯಾಗಾಫ್ತಾಲ್ಮಸ್ ಎನ್ನುವರು. ಗ್ರೀಕ್ ಭಾಷೆಯಲ್ಲಿ ಅದು ಮೊಲಗಣ್ಣೆಂಬ ಅರ್ಥದ ಮಾತು. ಮೊಲವು ಕಣ್ಣು ತೆರೆದೇ ನಿದ್ರಿಸುವುದೆಂದು ಅವರ ನಂಬಿಕೆ. ಕೆಳರೆಪ್ಪೆಯ ಶಸ್ತ್ರದಲ್ಲಿ ರೆಪ್ಪೆಯು ಕೆಳಕ್ಕೆ ಸೆಳೆದು ಹೊರಳಿಕೊಳ್ಳುವ ಅಪಾಯವೂ ಉಂಟು. ಶಸ್ತ್ರದ ಬಳಿಕ ಕೆಲವು ವಾರ ಕಣ್ಣೊಣಗುವುದು ಸ್ವಸ್ಥರಲ್ಲಿಯೂ ಸಾಮಾನ್ಯವೇ; ಅವರಿಗೆ ಅದು ಹೆಚ್ಚಾಗಿ ಕಳೆದುಹೋಗುವುದು. ಮೊದಲೇ ಒಣಗಿದ ಕಣ್ಣಿಗೆ ಅದು ತಿಂಗಳುಗಟ್ಟಲೆ ಉಳಿಯಬಹುದು. ಮೀರಿದಲ್ಲಿ ಕಾರ್ನಿಯಾ ಎಂಬ ಪಾರದರ್ಶಕ ಪಟಲವೇ ಹುಣ್ಣಾಗಿ ದೃಷ್ಟಿಗೆ ಕುಂದು ಬರಬಹುದು.

ಹಾಗಾದರೆ ಒಣಗಣ್ಣಿನವರಿಗೆ ಈ ಶಸ್ತ್ರವು ಸರ್ವಥಾ ನಿಷಿದ್ಧವೇ? ಅಲ್ಲ. ಆದರೆ ಕ್ರಮವನ್ನು ತಪ್ಪಿಸಕೂಡದು. ಮೊದಲನೆಯದು ಪರೀಕ್ಷೆ. 1903ರಲ್ಲಿ ಶಿರ್ಮರ್ ಎಂಬ ಜರ್ಮನ್ ನೇತ್ರವೈದ್ಯನು ತಿಳಿಸಿದ ವಿಧಾನವು ಇಂದಿಗೂ ನಡೆಯುತ್ತಿದೆ. ಹೀರುಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ನೆನೆಯಿತೆಂದು ಅಳೆಯುವರು. 5 ಮಿಲಿಮೀಟರಿಗಿಂತ ಕಡಿಮೆಯಾದರೆ ಕೊರತೆಯು ತೀವ್ರವೆಂದೆಣಿಸುವರು. ಬಣ್ಣದ ಹನಿ ಹಾಕಿ, ರೆಪ್ಪೆ ಬಡಿದ ಬಳಿಕ ಪೊರೆಯು ಎಷ್ಟು ಸೆಕೆಂಡಿಗೆ ಒಡೆಯುವುದೆಂದೂ ನೋಡುವರು. 10 ಸೆಕೆಂಡಿನೊಳಗೆ ಒಡೆದರೆ ಅದು ನೆಲೆನಿಲ್ಲದ ಪೊರೆಯೆಂದರ್ಥ. ಕಣ್ಣು ಮುಚ್ಚಿದಾಗ ಗುಡ್ಡೆಯು ಮೇಲಕ್ಕೆ ಹೊರಳಿ ಮರೆಗೆ ಸೇರುವುದೇ ಎಂಬುದನ್ನೂ ಪರೀಕ್ಷಿಸಬೇಕು. ಹೊರಳದಿದ್ದರೆ ಅಪಾಯವು ಇಮ್ಮಡಿಯೆಂದು ತಿಳಿಯತಕ್ಕದ್ದು.

ಎರಡನೆಯದು ಕಾರಣಶೋಧನೆ. ಮುಟ್ಟು ನಿಲ್ಲುವ ವಯಸ್ಸು, ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು, ಎವೆಯಿಕ್ಕದೆ ದೂರವಾಣಿಯ ಪರದೆಯನ್ನು ನೋಡುವ ಅಭ್ಯಾಸ, ಇವೆಲ್ಲವೂ ಕಣ್ಣನ್ನೊಣಗಿಸುವುವು. ಬಾಯಿಯೂ ಒಣಗುತ್ತಿದ್ದರೆ ಶೋಗ್ರೆನ್ ರೋಗವಿದೆಯೇ ಎಂದು ನೋಡಬೇಕು. ಅಂಥವರೂ, ಥೈರಾಯ್ಡಿನಿಂದ ಕಣ್ಣು ಮುಂದೆ ಬಂದವರೂ, ಮುಖದ ನರ ದುರ್ಬಲವಾದವರೂ ಅಂದಕ್ಕಾಗಿ ರೆಪ್ಪೆಯನ್ನು ಕೊಯ್ಯಿಸಿಕೊಳ್ಳದಿರುವುದೇ ಬಹುಮಟ್ಟಿಗೆ ಕ್ಷೇಮ. ಕನ್ನಡಕ ಬಿಡಲು ಲೇಸರ್ ಚಿಕಿತ್ಸೆ ಪಡೆದವರು ಸಾಮಾನ್ಯವಾಗಿ ಆರು ತಿಂಗಳಾದರೂ ತಡೆಯಬೇಕು.

ಮೂರನೆಯದು ಚಿಕಿತ್ಸೆ. ಸಂರಕ್ಷಕ ದ್ರವ್ಯವಿಲ್ಲದ ಕೃತಕ ಕಣ್ಣೀರು, ರೆಪ್ಪೆಯ ಮೇಲೆ ಹದವಾದ ಬಿಸಿಬಟ್ಟೆ, ಅಗತ್ಯವಾದರೆ ಉರಿಯೂತವನ್ನಡಗಿಸುವ ಹನಿ ಅಥವಾ ಕಣ್ಣೀರು ಹರಿದುಹೋಗುವ ರಂಧ್ರಕ್ಕೆ ಬಿರಡೆ, ಇವುಗಳಿಂದ ಕಣ್ಣು ಮೊದಲು ಸ್ಥಿಮಿತಕ್ಕೆ ಬರಲಿ.

ಆ ಮೇಲೆ ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ: ಎಷ್ಟು ಚರ್ಮವನ್ನು ಉಳಿಸುವಿರಿ? ಹುಬ್ಬಿನಿಂದ ರೆಪ್ಪೆಯಂಚಿನವರೆಗೆ ಸುಮಾರು 20 ಮಿಲಿಮೀಟರ್ ಉಳಿಸಬೇಕೆಂಬುದು ಅವರಲ್ಲಿ ಬಳಕೆಯಲ್ಲಿರುವ ನಿಯಮ. ಸ್ನಾಯುವನ್ನು ಮುಟ್ಟದೆ ಮಾಡಬಹುದೇ? ಮೇಲ್ರೆಪ್ಪೆಯೊಂದಕ್ಕೇ ಮುಗಿಸಬಹುದೇ? ಕಡಿಮೆ ತೆಗೆದರೆ ಮತ್ತೆ ತೆಗೆಯಬಹುದು. ಹೆಚ್ಚಾಗಿ ತೆಗೆದುದನ್ನು ಮೊದಲಿನಂತೆ ಮಾಡುವುದು ಸುಲಭವಲ್ಲ. ಈ ಪ್ರಶ್ನೆಗಳಿಗೆ ಬೇಸರಗೊಳ್ಳುವ ವೈದ್ಯರಿಂದ ಎದ್ದುಬರುವುದೇ ಲೇಸು. ಜೋಲುಬಿದ್ದ ಚರ್ಮವು ನೋಟಕ್ಕೇ ಅಡ್ಡ ಬರುತ್ತಿದ್ದರೆ ಮಾತು ಬೇರೆ. ಆಗ ಅದು ಅಲಂಕಾರವಲ್ಲ, ಚಿಕಿತ್ಸೆ. ದೃಷ್ಟಿಕ್ಷೇತ್ರದ ಪರೀಕ್ಷೆಯಿಂದ ಅದು ತಿಳಿಯುವುದು.

ಪ್ರಶ್ನೆ ಕೇಳಿದ ತಾಯಿಗೆ ನಮ್ಮ ಉತ್ತರವಿಷ್ಟು. ಮದುವೆಯ ಮುಹೂರ್ತವನ್ನು ಪುರೋಹಿತರು ಇಡಲಿ. ಶಸ್ತ್ರದ ಮುಹೂರ್ತವನ್ನು ತಮ್ಮ ಕಣ್ಣಿನ ತೇವವೇ ಇಡಬೇಕು. ಪರೀಕ್ಷೆಯೂ ಚಿಕಿತ್ಸೆಯೂ ಮದುವೆಗೆ ಮುಂಚೆ ನಡೆಯಲಿ; ಕೊಯ್ಯಿಸಿಕೊಳ್ಳುವ ಯೋಚನೆ ಆ ಬಳಿಕ ಬರಲಿ. ಮಗಳನ್ನು ಕಳುಹಿಸಿಕೊಡುವ ದಿನ ಅಳುವುದಕ್ಕೂ ಕಣ್ಣು ಸ್ವಸ್ಥವಾಗಿರಬೇಕು.

ಕೊನೆಗೊಂದು ಎಚ್ಚರಿಕೆಯನ್ನು ಎಲ್ಲರೂ ಮನದಲ್ಲಿಡತಕ್ಕದ್ದು. ಈ ಶಸ್ತ್ರವಾದ ಮೇಲೆ ಕಣ್ಣಿನಲ್ಲಿ ತೀವ್ರವಾದ ನೋವೆದ್ದರೆ, ಗುಡ್ಡೆ ಉಬ್ಬಿದರೆ, ನೋಟ ಮಂಕಾದರೆ, ಬೆಳಗಾಗಲೆಂದು ಕಾಯಬಾರದು. ಗುಡ್ಡೆಯ ಹಿಂದೆ ರಕ್ತ ತುಂಬಿದ್ದರೆ ದೃಷ್ಟಿಯೇ ಹೋಗಬಹುದು. ಅದು ಬಹಳ ಅಪರೂಪ, ಆದರೆ ಗಂಟೆಗಳ ಲೆಕ್ಕದ ಮಾತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಕ್ತವನ್ನು ತೆಳುಮಾಡುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಲಿ, ತಾವಾಗಿ ನಿಲ್ಲಿಸದಿರಲಿ.