ತಿಂಗಳು ತುಂಬದ ಕೂಸು, ತಾಯಿಯ ಮೊದಲ ಹಾಲು



ಚಿಪ್ಪಗಿರಿ, ಆಲೂರು ಕಡೆಯಿಂದ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೋಗುವ ಗುಂಪುಗಳಲ್ಲಿ ಬಸುರಿ ಹೆಣ್ಣುಮಕ್ಕಳೂ ಇರುತ್ತಾರೆ. ಹಾಗೆ ಹೋದ ಒಬ್ಬ ತಂಗಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಕೂಸಿಗೆ ಚೀಪುವ ಶಕ್ತಿಯಿರಲಿಲ್ಲ. "ದಿನ ತುಂಬದವಳ ಹಾಲಿಗೆ ಕಸುವಿಲ್ಲ" ಎಂದು ಹಿರಿಯರು ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿ, ಸಕ್ಕರೆ ನೀರು ಕುಡಿಸಿದರು. ಕೂಸು ಉಳಿಯಲಿಲ್ಲ. ಹಾಲೊಂದೇ ಅದನ್ನು ಉಳಿಸುತ್ತಿತ್ತೆಂದು ನಾವು ಹೇಳಲಾರೆವು. ಆದರೆ ಅದಕ್ಕೆ ಸಲ್ಲಬೇಕಾಗಿದ್ದ ಮೊದಲ ರಕ್ಷಣೆ ಮಣ್ಣುಪಾಲಾಯಿತು.

ಹಿರಿಯರ ಮಾತಿಗೆ ನಿಜ ಸಂಗತಿ ತದ್ವಿರುದ್ಧವಾಗಿದೆ. ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಮಗುವಿಗೆ ಹೆಚ್ಚಾಗಿ ಇಳಿಯುವುದು ಬಸಿರಿನ ಕಡೆಯ 3 ತಿಂಗಳಲ್ಲಿ. 37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಆ ಬುತ್ತಿ ಪೂರಾ ಸಿಕ್ಕಿರುವುದಿಲ್ಲ. ಆದರೆ ಅಂಥ ತಾಯಿಯ ಮೊದಲ ದಿನಗಳ ಹಾಲಿನಲ್ಲಿ ಪ್ರೋಟೀನೂ ರೋಗ ತಡೆಯುವ ಅಂಶಗಳೂ, ದಿನ ತುಂಬಿ ಹೆತ್ತವಳ ಹಾಲಿಗಿಂತ ಸಾಮಾನ್ಯವಾಗಿ ಹೆಚ್ಚಿರುತ್ತವೆ. ಅವು ಕೂಸಿನ ಎಳೆ ಕರುಳಿಗೆ ಕಾವಲು. ಇಂಥ ಕೂಸುಗಳನ್ನು ಕೊಲ್ಲುವ ಕರುಳು ಕೊಳೆಯುವ ರೋಗ, ಡಬ್ಬಿ ಹಾಲು ಕುಡಿದವುಗಳಿಗಿಂತ ತಾಯಿಹಾಲು ಕುಡಿದವುಗಳಲ್ಲಿ ಕಡಿಮೆ.

ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕ್ ಆರಂಭವಾಯಿತು. ಬೇರೆ ತಾಯಂದಿರು ಕೊಟ್ಟ ಹಾಲನ್ನು ಕಾಯಿಸಿ ಶುದ್ಧಿಮಾಡುವಾಗ ಅದರ ರಕ್ಷಣಾಶಕ್ತಿ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಹೆತ್ತವಳ ಹಾಲಿಗೇ ಮೊದಲ ಸ್ಥಾನ.

ಕೂಸು ಚೀಪದಿದ್ದರೆ, ತಾಯಿ ಕೈ ತೊಳೆದು, ಶುದ್ಧ ಬಟ್ಟಲಿಗೆ ಹಾಲು ಹಿಂಡಬೇಕು. ರಾತ್ರಿಯೂ ಸೇರಿ ದಿನಕ್ಕೆ 8 ಸಲವಾದರೂ. ಕುದಿಸಿ ತೊಳೆದ ಒಳಲೆಯಲ್ಲಿ ಕುಡಿಸಬೇಕೋ, ಕೊಳವೆಯಲ್ಲಿ ಕೊಡಬೇಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ತಾಯಿಹಾಲಿದೆಯೆಂದು ಕೂಸನ್ನು ಮನೆಯಲ್ಲೇ ಇಟ್ಟುಕೊಳ್ಳಬೇಡಿರಿ. ತೀರ ಸಣ್ಣ ಕೂಸಿಗೆ ಹಾಲಿನ ಜೊತೆಗೆ ಬೇರೆ ಪೋಷಣೆಯೂ ಬೇಕಾಗುತ್ತದೆ. ಎದೆಗವಚಿ ಬೆಚ್ಚಗಿಟ್ಟುಕೊಂಡೇ ಆಸ್ಪತ್ರೆಗೆ ಒಯ್ಯಿರಿ.

ಇದೆಲ್ಲ ನಡೆಯಬೇಕಾದರೆ ತಾಯಿ ಕೂಸಿನ ಬಳಿ ಇರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟ ಹಕ್ಕುಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿವೆ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ 2 ಬಿಡುವುಗಳಿವೆ. ಎಸ್ಟೇಟಿನ ತಾಯಂದಿರೇ, ಇದು ಬೇಡಿ ಪಡೆಯುವ ದಾನವಲ್ಲ, ಕೇಳಿ ಪಡೆಯುವ ಹಕ್ಕು.

ಮೇಸ್ತ್ರಿಯ ಹಿಂದೆ ಊರೂರು ತಿರುಗುವ ಕೂಲಿಯವಳಿಗೆ ಈ ಹಕ್ಕು ಇನ್ನೂ ಕೈಗೆ ಎಟುಕಿಲ್ಲ. ಅಲ್ಲಿಯವರೆಗೆ ಅವಳ ಕೂಲಿಯ ನಷ್ಟವನ್ನು ಗುಂಪೇ ಹಂಚಿಕೊಳ್ಳಲಿ. ಅತ್ತೆಯಂದಿರೇ, ಅಜ್ಜಿಯರೇ, ಹಳದಿ ಹಾಲನ್ನು ಇನ್ನು ಚೆಲ್ಲಿಸಬೇಡಿರಿ.