ಹಸಿವಿನ ಲೆಕ್ಕ ಬರೆಯೋರು ಯಾರು?



ನಮ್ಮ ಕೇರಿಗಳಲ್ಲಿ ಹಸಿವು ಅನ್ನೋದು ಸುದ್ದಿಯಲ್ಲ. ರಾತ್ರಿ ಒಲೆ ಹಚ್ಚದೆ ಮಕ್ಕಳಿಗೆ ನೀರು ಕುಡಿಸಿ ಮಲಗಿಸಿದ್ದು ಯಾವ ಪತ್ರಿಕೆಯಲ್ಲೂ ಬರೋದಿಲ್ಲ. ಸತ್ತರೂ ಅದನ್ನು ಹಸಿವು ಅಂತ ಬರೆಯೋದಿಲ್ಲ. 2017ರ ಜುಲೈನಲ್ಲಿ ಗೋಕರ್ಣದ ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಂದೇ ತಿಂಗಳಲ್ಲಿ ಸತ್ತರು. ಆಧಾರ್ ಜೋಡಿಸಿಲ್ಲ ಅಂತ ಆ ಮನೆಗೆ ತಿಂಗಳುಗಟ್ಟಲೆ ರೇಷನ್ ನಿಂತಿತ್ತು ಎಂದು ಪಿಯುಸಿಎಲ್‌ನವರು ಹೋಗಿ ನೋಡಿ ಬಂದು ಹೇಳಿದರು. ಅಧಿಕಾರಿಗಳು ಕುಡಿತ ಅಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸತ್ತಳು. ಮಗಳು ಅನ್ನ ಅನ್ನ ಅಂತಲೇ ಪ್ರಾಣ ಬಿಟ್ಟಳು ಅಂತ ತಾಯಿ ಹೇಳಿದಳು. ಅಧಿಕಾರಿಗಳು ಮಲೇರಿಯಾ ಅಂದರು. ಬಡವರು ಸತ್ತಮೇಲೆ ಅವರಿಗೊಂದು ರೋಗ ಹುಡುಕೋದು ಇವರಿಗೆ ಬಹಳ ಹಳೆಯ ಅಭ್ಯಾಸ.

ಹಾಗಾದರೆ ಈ ಲೆಕ್ಕ ಯಾರು ಬರೆಯಬೇಕು? ಶಾನುಭೋಗನ ಖಿರ್ದಿಯಲ್ಲಿ ನಮ್ಮ ಸಾಲ ಇತ್ತು, ನಮ್ಮ ಹೊಟ್ಟೆ ಇರಲಿಲ್ಲ. ಹಾಸ್ಟೆಲಿನಲ್ಲಿ ಉಂಡು ನಾಲ್ಕಕ್ಷರ ಕಲಿತ ನಾವೇ ಬರೆಯಬೇಕು. ಬೇರೆ ಯಾರೂ ಬರೆಯೋದಿಲ್ಲ.

ಇದಕ್ಕೆ ಮೊದಲು ಒಂದು ಮಾತು. ಮದುವೆ ಛತ್ರದಲ್ಲಿ ಮಿಕ್ಕಿದ ಅನ್ನ ಸಾರನ್ನು ರಾತ್ರಿ ಹತ್ತು ಗಂಟೆಗೆ ಹಾಸ್ಟೆಲಿಗೋ ಕೇರಿಗೋ ತಂದು ಸುರಿದು, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡು ಹೋಗುವ ದಾನಿಗಳು ಹೆಚ್ಚಾಗಿದ್ದಾರೆ. ಇದು ಹೊಸ ಸೇವೆ ಅಂತ ಅವರು ತಿಳಿದಿದ್ದಾರೆ. ನಮಗೆ ಇದು ಗೌಡರ ಹಿತ್ತಿಲ ಬಾಗಿಲಲ್ಲಿ ಸೆರಗೊಡ್ಡಿ ತಂದ ತಂಗಳೇ. 1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಸೇರಿದ್ದ ಜನಕ್ಕೆ ಬಾಬಾಸಾಹೇಬರು ಕೆರೆ ನೀರಿನ ಮಾತು ಮಾತ್ರ ಹೇಳಲಿಲ್ಲ. ಸತ್ತ ದನದ ಮಾಂಸ ಬಿಡಿ, ಎಂಜಲು ತಿನ್ನೋದು ಬಿಡಿ ಅಂತಲೂ ಹೇಳಿದರು. ಹಾಗಂತ ಹಸಿದ ಮಗುವಿನ ಮುಂದೆ ಕೂತು ಕಾನೂನು ಓದೋಕಾಗುತ್ತಾ? ಆಗೋದಿಲ್ಲ. ಈ ಹೊತ್ತಿನ ಹೊಟ್ಟೆಗೆ ಈ ಹೊತ್ತೇ ಬೇಕು. ಅದಕ್ಕೆ ನಮ್ಮ ಅವ್ವಂದಿರ ಹತ್ತಿರ ದಾರಿ ಇದೆ. ಅಡಿಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕೋದು. ಮೂವತ್ತು ಮನೆ ಹೀಗೆ ಮಾಡಿದರೆ ಗಂಡ ಸತ್ತ ಮನೆಗೆ, ಬಾಣಂತಿ ಮನೆಗೆ, ಕಾಲು ಮುರಿದು ಕೂಲಿಗೆ ಹೋಗಲಾರದವನ ಮನೆಗೆ ತಿಂಗಳು ತುಂಬುತ್ತದೆ. ಅದು ಯಾರ ಮನೆಗೆ ಹೋಯಿತು ಅನ್ನೋದು ಕೊಟ್ಟ ಕೈಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಾಗಬಾರದು. ಫೋಟೋ ಅಂತೂ ಬೇಡವೇ ಬೇಡ.

ಹಿಡಿ ಅಕ್ಕಿ ಒಂದು ತಿಂಗಳು ದಾಟಿಸುತ್ತೆ, ವರ್ಷ ದಾಟಿಸೋದಿಲ್ಲ. ವರ್ಷ ದಾಟಿಸಬೇಕಾದದ್ದು ಸರ್ಕಾರ. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯವನ್ನು ಹಕ್ಕು ಅಂತ ಬರೆದಿದೆ. ರಾಜ್ಯ ಸರ್ಕಾರ ಅದರ ಮೇಲೆ ಕೊಡೋದು ಬೇರೆ. 2023ರ ಜನವರಿಯಿಂದ ಕಾಯಿದೆಯ ಈ ಪಾಲಿಗೆ ದುಡ್ಡು ಕೊಡಬೇಕಾಗಿಲ್ಲ. ಅದೇ ಕಾಯಿದೆ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಅನ್ನುತ್ತೆ. ನ್ಯಾಯಬೆಲೆ ಅಂಗಡಿಯ ದಾಖಲೆ ಯಾರು ಬೇಕಾದರೂ ನೋಡಬಹುದು ಅನ್ನುತ್ತೆ. ಧಾನ್ಯ ಕೊಡದಿದ್ದರೆ ಅದರ ಬದಲು ಭತ್ಯೆ ಕೊಡಬೇಕು ಅನ್ನುತ್ತೆ. ಈ ಭತ್ಯೆ ಇಸಕೊಂಡವರು ನಿಮ್ಮೂರಲ್ಲಿ ಎಷ್ಟು ಜನ ಇದ್ದಾರೆ, ಒಮ್ಮೆ ಕೇಳಿ ನೋಡಿ.

ಕೂಲಿ ಮಾಡಿ ಸವೆದ ಅಜ್ಜಿಯ ಹೆಬ್ಬೆಟ್ಟು ಯಂತ್ರಕ್ಕೆ ಬೀಳೋದಿಲ್ಲ. ಮೂರು ಸಲ ಒತ್ತಿಸಿ, ‘ಸರ್ವರ್ ಇಲ್ಲ, ನಾಳೆ ಬಾ’ ಅಂತಾರೆ. ನಾಳೆ ಅಂದರೆ ಇನ್ನೊಂದು ದಿನದ ಕೂಲಿ ಹೋಯಿತು ಅಂತ. ಸಿಮ್ಡೇಗಾದ ಸಾವಿನ ನಂತರ, 2017ರ ಅಕ್ಟೋಬರ್‌ನಲ್ಲಿ, ಆಧಾರ್ ಇಲ್ಲ ಅನ್ನೋ ಕಾರಣಕ್ಕೆ ರೇಷನ್ ತಪ್ಪಿಸಬಾರದು, ಕಾರ್ಡು ತೆಗೆದುಹಾಕಬಾರದು ಅಂತ ಕೇಂದ್ರದ ಆಹಾರ ಇಲಾಖೆಯೇ ರಾಜ್ಯಗಳಿಗೆ ಬರೆಯಿತು. ಅಜ್ಜಿಗೆ ಇದು ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು. ರೇಷನ್ ಕೊಡುವ ದಿನ ಊರಿಗೆ ಹೋಗಿ ಆ ಸಾಲಿನಲ್ಲಿ ನಿಲ್ಲಿ. ತೂಕ ನೋಡಿ. ಚೀಟಿ ಕೇಳಿ. ಹಿಂದಕ್ಕೆ ಕಳಿಸಿದರೆ ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಜಗಳ ಆಡಿದರೆ ಹುಡುಗರಿಗೆ ಓದು ಹತ್ತಿ ಸೊಕ್ಕು ಬಂತು ಅಂತಾರೆ. ಎರಡು ಪ್ರತಿ ಅರ್ಜಿ ಬರೆದು ಒಂದಕ್ಕೆ ಸೀಲು ಹಾಕಿಸಿಕೊಂಡರೆ ಸುಮ್ಮನಾಗುತ್ತಾರೆ. ಅಲ್ಲಿ ಆಗದಿದ್ದರೆ ಜಿಲ್ಲೆಯ ಕುಂದುಕೊರತೆ ಅಧಿಕಾರಿ, ಅವರೂ ಕೇಳದಿದ್ದರೆ ರಾಜ್ಯ ಆಹಾರ ಆಯೋಗ. ಮಾಹಿತಿ ಹಕ್ಕಿನ ಅರ್ಜಿಗೆ ಬಿಪಿಎಲ್ ಮನೆಯವರು ಶುಲ್ಕ ಕಟ್ಟಬೇಕಾಗಿಲ್ಲ. ಅದಕ್ಕೆ ಅಪ್ಪನ ಹೆಸರಲ್ಲಿ, ಅವ್ವನ ಹೆಸರಲ್ಲಿ ಹಾಕಿ.

ಶಾಲೆಯ ಬಿಸಿಯೂಟವನ್ನೂ ಕಣ್ಣಿಟ್ಟು ನೋಡಬೇಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಅಂದಿತು. 2004ರಲ್ಲಿ, ಅಡಿಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂದಿತು. ಆದರೆ ನಮ್ಮಕ್ಕ ಸೌಟು ಹಿಡಿದರೆ ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋಗುವ ಊರುಗಳು ಇನ್ನೂ ಇವೆ. 2015ರಲ್ಲಿ ಕೋಲಾರ ಜಿಲ್ಲೆಯಿಂದ, 2025ರಲ್ಲಿ ಚಾಮರಾಜನಗರ ಜಿಲ್ಲೆಯಿಂದ ಅಂಥ ವರದಿ ಬಂದವು. ಅಂಥ ಕಡೆ ಆ ಅಕ್ಕನನ್ನು ಒಂಟಿ ಬಿಡಬೇಡಿ. ಹೋಗಿ, ಕೂತು, ಅವಳ ಕೈಯಲ್ಲಿ ಬಡಿಸಿಕೊಂಡು ಉಣ್ಣಿ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠದವರು ಕೂಡದು ಅಂದರು. ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿಂತೀವಿ ಅಂದಳು. ಮೊಟ್ಟೆ ನಿಲ್ಲಲಿಲ್ಲ, ಮುಂದೆ ಎಲ್ಲ ಜಿಲ್ಲೆಗಳಿಗೂ ಬಂತು. ಆ ಹುಡುಗಿ ನಮ್ಮ ಎಷ್ಟೋ ಭಾಷಣಕಾರರಿಗಿಂತ ಮುಂದಿದ್ದಾಳೆ.

ಇನ್ನು ಬೇರಿನ ಮಾತು ಭೂಮಿ. ಮಂಜೂರಾದ ಜಮೀನು ಪರಭಾರೆ ಆಗಿದ್ದರೆ 1978ರ ಪಿಟಿಸಿಎಲ್ ಕಾಯಿದೆಯಲ್ಲಿ ಎ.ಸಿ. ಅವರಿಗೆ ಅರ್ಜಿ ಹಾಕಬಹುದು. ತಡವಾಯಿತು ಅಂತ ತಳ್ಳಿಹಾಕದಂತೆ 2023ರಲ್ಲಿ ತಿದ್ದುಪಡಿಯಾಗಿದೆ. ಇದಕ್ಕೆ ಒಂದು ಸಂಚಿಕೆಯೇ ಬೇಕು, ಮುಂದೆ ಬರೆಯುತ್ತೇವೆ.

ಬರುವ ಸಭೆಗೆ ಬರಿಗೈಲಿ ಬರಬೇಡಿ. ನಿಮ್ಮ ಕೇರಿಯಲ್ಲಿ ಕಾರ್ಡಿಲ್ಲದ ಮನೆ ಎಷ್ಟು, ಹೆಬ್ಬೆಟ್ಟು ಬೀಳದೆ ವಾಪಸಾದವರು ಯಾರು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಊಟ ಸಿಗುತ್ತಾ ಇಲ್ಲವಾ, ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತನ್ನಿ. ಊರು, ತಿಂಗಳು ಹಾಕಿರಲಿ. ಅರ್ಜಿಗಳನ್ನು ಅಲ್ಲೇ ಕೂತು ಬರೆಯೋಣ. ಕಾರ್ಬನ್ ಹಾಳೆ ನಾವು ತರುತ್ತೇವೆ.